ಕಂಬದ ಸುತ್ತಲಿನ ಸಂದು

ಲಕ್ಕಣ್ಣ ಮೇಷ್ಟ್ರು ಕಂಬದ ತಲೆಯ ಮೇಲೆ ನೀರು ತುಂಬಿದ ಹಿತ್ತಾಳೆ ತಟ್ಟೆಯಿಟ್ಟು, "ಎಲ್ಲಿ, ಈಗ ನಡಿಯಪ್ಪ," ಎಂದರು. ಗಾರೆ ಕೆಲಸದ ಚಿಕ್ಕಬೈರಪ್ಪ ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿದ. ನೀರು ನಡುಗಿತು.

ಸ್ಪುಟ್ನಿಕ್ ಹಾರಿದ ಮರುವರ್ಷ ಮೇಷ್ಟ್ರು ಜಕ್ಕೂರಿನ ತಮ್ಮ ಹಿತ್ತಿಲಲ್ಲಿ ನಕ್ಷತ್ರ ನೋಡಲೊಂದು ಕೋಣೆ ಕಟ್ಟಿಸುತ್ತಿದ್ದರು. ದುರ್ಬೀನು ಕೂರುವ ಕಂಬಕ್ಕೂ ನೆಲಕ್ಕೂ ನಡುವೆ ಎರಡು ಬೆರಳು ಸಂದು ಬಿಡಲು ಹೇಳಿದ್ದರು. ಹಿಂದಿನ ದಿನ ಅವರು ಶಾಲೆಗೆ ಹೋದದ್ದೇ ತಡ, ಚಿಕ್ಕಬೈರಪ್ಪ ಅದಕ್ಕೆ ಸಿಮೆಂಟು ತುಂಬಿ ಕರಣೆಯಿಂದ ನುಣ್ಣಗೆ ಸವರಿದ್ದ. ಮೂವತ್ತು ವರ್ಷದಲ್ಲಿ ಅವನು ಸಂದು ಬಿಟ್ಟು ಎದ್ದದ್ದೇ ಇಲ್ಲ.

"ಬಿಟ್ರೆ ಆವು-ಚೇಳು ಸೇರ್ಕತವೆ ಸ್ವಾಮಿ. ನೋಡ್ದೋರು ನನ್ನ ಆಡ್ಕತಾರೆ," ಎಂದ.

"ನಿನ್ನ ಹೆಜ್ಜೆಗೆ ನೀರೇ ಹಿಂಗೆ ನಡುಗಿದ್ರೆ, ದುರ್ಬೀನೊಳಗೆ ಚಂದ್ರ ನಿಲ್ತಾನೇನಪ್ಪ?"

ಚಿಕ್ಕಬೈರಪ್ಪ ಉಳಿ ಸುತ್ತಿಗೆ ಹಿಡಿದು ಕೂತ. ಸಂಜೆಯ ಹೊತ್ತಿಗೆ ತಾನು ತುಂಬಿದ್ದನ್ನೆಲ್ಲ ಕೆತ್ತಿ ತೆಗೆದು, ಎದ್ದು ನೆಲವನ್ನು ಜೋರಾಗಿ ತುಳಿದ. ತಟ್ಟೆಯ ನೀರು ಅಲುಗಲಿಲ್ಲ. ನಂಬದೆ ಇನ್ನೊಮ್ಮೆ ತುಳಿದ.

"ಯಾರಾನ ಕೇಳಿದ್ರೆ," ಎಂದ, ನೀರಿನಿಂದ ಕಣ್ಣು ತೆಗೆಯದೆ, "ಸಂದು ಬಿಟ್ಟೋನು ಅಬ್ಬಿಗೆರೆ ಚಿಕ್ಕಬೈರಪ್ಪ ಅನ್ನಿ."