ಹೇಳಿದ ದಿನಕ್ಕೆ ಹೊಲಿದ ರವಿಕೆ

ಟೈಲರ್ ಹಾಲಮ್ಮ ಜನ್ಮದಲ್ಲಿ ಮೊದಲ ಸಲ ಹೇಳಿದ ದಿನಕ್ಕೇ ರವಿಕೆ ಹೊಲಿದು ಮುಗಿಸಿದ್ದಳು. ಮದುಮಗಳ ತಾಯಿ ಸುವರ್ಣಮ್ಮ ಬಂದು ಕೈಚಾಚುವಷ್ಟರಲ್ಲಿ ಅದರ ತೋಳೆರಡೂ ಕಳಚಿ ಕೌಂಟರಿನ ಮೇಲೆ ಬಿದ್ದವು.

ಹಾಲಮ್ಮ ಹಣೆ ಚಚ್ಚಿಕೊಂಡಳು. ಅಂಗಡಿಯ ಬಗ್ಗೆ ಸೋಷಿಯಲ್ ಮೀಡಿಯಾದಲ್ಲಿ ಯಾರೇನು ಬರೆದರೂ ಎರಡು ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಬರೆದದ್ದು ಅಕ್ಷರಶಃ ನಿಜವಾಗಿಬಿಡುತ್ತದೆ. ಪಕ್ಕದ ಹೋಟೆಲಿನವನಿಗೇನು, ದಿನವಿಡೀ ಫೋನು ನೋಡಲೆಂದೇ ಒಬ್ಬಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾನೆ. ಹಾಲಮ್ಮನಿಗಿರುವುದು ಎರಡೇ ಕೈ. ಈ ರವಿಕೆಯ ಗಡಿಬಿಡಿಯಲ್ಲಿ ಮೂರು ದಿನದಿಂದ ಫೋನೇ ಮುಟ್ಟಿರಲಿಲ್ಲ. ಈಗ ತೆರೆದರೆ, 'ಹಾಲಮ್ಮ ಹೇಳಿದ ದಿನಕ್ಕೆ ಬಟ್ಟೆ ಕೊಡೋದೇ ಇಲ್ಲ' ಎಂದು ಬರೆದು ಆಗಲೇ ಎರಡು ದಿನ ದಾಟಿತ್ತು. ಬರೆದವಳು ಇದೇ ಸುವರ್ಣಮ್ಮ!

“ಏನ್ರೀ ಇದು?”

“ನೀವು ಲೇಟ್ ಮಾಡ್ತೀರ ಅನ್ನೋ ಭಯಕ್ಕೆ ಮೊದ್ಲೇ ಬರೆದಿಟ್ಟೆ, ಹಾಲಕ್ಕ.”

ಹಾಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಕೈಯಲ್ಲೇ ರವಿಕೆಯ ಬೆನ್ನಿನ ಹೊಲಿಗೆಯೂ ಸರ್ರನೆ ಬಿಟ್ಟುಕೊಂಡಿತು.

“ಅಳಿಸ್ರೀ ತಾಯಿ! ನಾಳೆ ಮುಹೂರ್ತ. ನೀವು ಅಳಿಸೋವರೆಗೂ ಇದಕ್ಕೆ ಹೊಲಿಗೆ ನಿಲ್ಲಲ್ಲ.”

ಸುವರ್ಣಮ್ಮ ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

“ಅಳಿಸಿದ ತಕ್ಷಣ ನಾಳೆ ಬನ್ನಿ ಅಂತೀರ, ನಂಗೊತ್ತಿಲ್ವಾ? ಮೊದ್ಲು ಬ್ಲೌಸ್ ಕೊಡಿ, ಆಮೇಲೆ ಅಳಿಸ್ತೀನಿ.”