ಅಜ್ಜ ಹೊಡೆದ ವಜೀರ

ಅತ್ತರಿನ ವಾಸನೆ ಬಂದರೆ ಈಗಲೂ ನನಗೆ ಕಮಲಾಪುರದ ನಮ್ಮ ಪಡಸಾಲೆ ನೆನಪಾಗುತ್ತದೆ.

ಅಲ್ಲಿ ದಿನಾ ಮಧ್ಯಾಹ್ನ ಅಜ್ಜ ಮತ್ತು ಪಕ್ಕದ ಮನೆಯ ಹಕೀಮರು ಚದುರಂಗ ಆಡುತ್ತಿದ್ದರು. ಆಟ ಮುಗಿದ ಮೇಲೆ ಕಾಯಿಗಳನ್ನು ಒಂದೊಂದಾಗಿ ಹಿಂದಕ್ಕಿಟ್ಟು, ಸೋತವರು ತಪ್ಪಿದ್ದೆಲ್ಲಿ ಎಂದು ಇಬ್ಬರೂ ಸೇರಿ ಹುಡುಕುತ್ತಿದ್ದರು. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ಕಲಬುರಗಿಗೆ ಭಾರತದ ಫೌಜು ಬಂದ ವಾರ, ಹಕೀಮರು ಸೋತ ಕೂಡಲೇ ಎದ್ದು ಹೋದರು. ಮರುದಿನ ಅವರ ಮನೆಗೆ ಬೀಗ ಬಿದ್ದಿತ್ತು.

ಅಜ್ಜ ಒಬ್ಬನೇ ಕಾಯಿಗಳನ್ನು ಹಿಂದಕ್ಕಿಡುತ್ತ ಕೂತಿದ್ದ. ಚದುರಂಗದ ಹಾಸಿನ ಬಟ್ಟೆಯಲ್ಲಿ ಹಕೀಮರ ಅತ್ತರು ಇನ್ನೂ ಉಳಿದಿತ್ತು.

“ನೀನ ಗೆದ್ದೀಯಲ್ಲ ಅಜ್ಜಾ, ಮತ್ತೇನು ಹುಡಕಾಕತ್ತೀ?” ಎಂದೆ.

“ಹಕೀಮರು ತಮ್ಮ ವಜೀರನ್ನ ಸುಮ್ಮ ಬಿಟ್ಟುಕೊಟ್ರವ್ವಾ. ಎಂದೂ ಹಂಗ ಆಡಿದವರಲ್ಲ. ಆಗ ನಾ ‘ಏನಾಗ್ಯಾದರೀ’ ಅಂತ ಕೇಳಬೇಕಿತ್ತು,” ಎಂದ ಅಜ್ಜ. “ನಾ ವಜೀರನ್ನ ಹೊಡದೆ.”