ದೂರದಿಂದ ಕಂಡ ಊರು

ವಿದ್ಯಾರ್ಥಿ ವೀಸಾಕ್ಕೆ ಪಾಸ್‌ಪೋರ್ಟಿನ ಜೊತೆ ಆರು ತಿಂಗಳ ಕನಸುಗಳನ್ನೂ ಸಲ್ಲಿಸಬೇಕಿತ್ತು. ಕನಸಿನಲ್ಲಿ ಊರು ಬಂದರೆ, ಓದು ಮುಗಿಸಿ ಮರಳುವವರೆಂದು ಲೆಕ್ಕ. ಹೊರಗೆ ಏಜೆಂಟರು ಅಜ್ಜಿ ಕೈತುತ್ತು ಹಾಕುವ ಕನಸನ್ನು ಮಾರುತ್ತಿದ್ದರು. ಮುನಿಲಕ್ಷ್ಮಿ ತನ್ನವನ್ನೇ ತಂದಿದ್ದಳು.

ಪರದೆಯಲ್ಲಿ ಅವಳ ಕನಸು ನೋಡುತ್ತಿದ್ದ ಅಧಿಕಾರಿ ಹುಬ್ಬು ಗಂಟಿಕ್ಕಿದ.

"ಏನಮ್ಮಾ, ಗುಡಿ ಬಾವಿ ಎಲ್ಲಾ ದೂರದಿಂದಲೇ ಕಾಣ್ತದೆ? ನಮ್ಮೂರ ಗುಡಿ ಬೀಗದಕೈ ನಮ್ಮನೇಲೇ ಇರೋದು, ನಂಗೆ ಗರ್ಭಗುಡಿಯೇ ಕನಸಲ್ಲಿ ಬರ್ತದೆ. ಇದು ಯಾರದ್ದೋ ಕದ್ದ ಕನಸಲ್ವಾ?"

"ನಂದೇ ಸಾರ್. ನಮ್ಮ ಕೇರಿಯೋರನ್ನ ನಿಲ್ಲಿಸಿರೋದೇ ಅಷ್ಟು ದೂರ. ಕಾಲಿಡದ ಜಾಗ ಕನಸಲ್ಲಿ ಹೆಂಗೆ ಬಂದೀತು?"

ಅವನ ಅನುಮಾನ ಇನ್ನಷ್ಟು ಬಲಿಯಿತು. "ಹಂಗಾದ್ರೆ ಅಂಥಾ ಊರಿಗೆ ನೀನ್ಯಾಕೆ ವಾಪಸ್ ಬರ್ತೀಯಾ?"

"ಕಾನೂನು ಓದೋಕೆ ಹೋಗ್ತಿರೋದೇ ಅದಕ್ಕೆ ಸಾರ್. ಬಂದು ಅಂಥಾ ಗುಡಿಗಳ ಬೀಗ ತೆಗಿಸ್ಬೇಕು."

ಅಧಿಕಾರಿ ಅವಳನ್ನು ದಿಟ್ಟಿಸಿದ. ಇವಳು ಬಂದೇ ಬರುತ್ತಾಳೆಂಬ ನಂಬಿಕೆ ಅವನ ಮುಖದಲ್ಲಿ ಮೊದಲ ಸಲ ಮೂಡಿದ್ದನ್ನು ಮುನಿಲಕ್ಷ್ಮಿ ಕಂಡಳು.

ನಂಬಿಕೆ ಬಂದ ಮರುಗಳಿಗೆಯೇ ಅವನು ಮೊಹರು ಒತ್ತಿದ: ತಿರಸ್ಕೃತ.